ಗಾಟ್ಸ್, ಓಕೋ-ಟೆಕ್ಸ್, ಬೆಟರ್ ಕಾಟನ್: ಯಾವ ಚೀಟಿ ಯಾವುದಕ್ಕೆ ಹೊಣೆ?

ಹಾಸನ, ಚಿಕ್ಕಮಗಳೂರಿನ ಬಟ್ಟೆ ಅಂಗಡಿಗಳಲ್ಲಿ ‘ಇಕೋ ಫ್ರೆಂಡ್ಲಿ’ ಎಂದಷ್ಟೇ ಬರೆದ ಚೀಟಿ ಕಂಡರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಲೆಕ್ಕಕ್ಕೆ ಬರುವುದು ಪ್ರಮಾಣಪತ್ರದ ನಂಬರ್ ಇರುವ ಚೀಟಿ ಮಾತ್ರ. ಮೂರು ಬಗೆಯ ಚೀಟಿಯ ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು, ನಂಬರ್ ಹುಡುಕಿ, ಒಗೆದು ನೋಡಿದ ಮೇಲಿನ ಮಾತಿದು.

ಮೂರರಲ್ಲಿ ಸಾವಯವ ಬಟ್ಟೆಯ ಜಾಗತಿಕ ಮಾನದಂಡವಾದ ಗಾಟ್ಸ್‌ನದೇ ಮೇಲುಗೈ. ‘ಆರ್ಗ್ಯಾನಿಕ್’ ಎಂದಿದ್ದರೆ ನೂಲಿನಲ್ಲಿ ಕನಿಷ್ಠ ಶೇ. 95 ಸಾವಯವ ನಾರು, ‘ಮೇಡ್ ವಿತ್ ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ ಶೇ. 70. ಅಂಗಡಿಯಲ್ಲಿ ಈ ಎರಡನ್ನೂ ಒಂದೇ ಎಂದು ಮಾರುತ್ತಾರೆ, ಸಣ್ಣಕ್ಷರ ಓದಿ. ಹತ್ತಿಯಷ್ಟೇ ಅಲ್ಲ, ಬಣ್ಣದ ರಾಸಾಯನಿಕ, ಕೊಳೆನೀರಿನ ಶುದ್ಧೀಕರಣ, ಕಾರ್ಮಿಕರ ಸ್ಥಿತಿಗತಿಯೂ ತಪಾಸಣೆಗೆ ಒಳಪಡುತ್ತವೆ. ನೂಲು ತೆಗೆದವರಿಂದ ಹೊಲಿದವರವರೆಗೆ ಪ್ರತಿ ಹಂತಕ್ಕೂ ಪ್ರಮಾಣಪತ್ರ ಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಬಟ್ಟೆ ಗಾಟ್ಸ್ ಮಿಲ್ಲಿನದು, ಆದರೆ ಹೊಲಿದ ಗಾರ್ಮೆಂಟ್ಸ್‌ಗೆ ಪ್ರಮಾಣಪತ್ರವಿಲ್ಲ ಎಂದಾದರೆ ಸಿದ್ಧ ಉಡುಪಿಗೆ ಆ ಗುರುತು ಹಾಕುವಂತಿಲ್ಲ. ಚೀಟಿಯಲ್ಲಿ ತಪಾಸಣಾ ಸಂಸ್ಥೆಯ ಹೆಸರು, ಲೈಸೆನ್ಸ್ ನಂಬರ್ ಎರಡೂ ಇರಬೇಕು. ಗಾಟ್ಸ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿದಾಗ ಬರುವ ಕಂಪನಿ ಬೇರೆಯಾಗಿದ್ದರೆ ಬಟ್ಟೆ ಅಲ್ಲೇ ಬಿಡಿ. ಬೊಟಿಕ್‌ಗಾಗಿ ಥಾನು ಲೆಕ್ಕದಲ್ಲಿ ಕೊಳ್ಳುವವರು ಮಿಲ್ಲಿಗೆ ಸಾವಯವ ಬಟ್ಟೆ ತಯಾರಿಸುವ ಅರ್ಹತೆ ಇದೆ ಎನ್ನುವ ಸ್ಕೋಪ್ ಸರ್ಟಿಫಿಕೇಟ್ ನೋಡಿ ಸುಮ್ಮನಾಗಬಾರದು. ಆ ಸರಕಿನದೇ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಕೇಳಿ. ಒಂದೇ ಮಿಲ್ಲಿನಲ್ಲಿ ಸಾವಯವವೂ ಮಾಮೂಲಿಯೂ ನೇಯಬಹುದು.

ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಕೇಳುವ ಪ್ರಶ್ನೆ ಬೇರೆ: ಈ ಬಟ್ಟೆಯಲ್ಲಿ ಮೈಗೆ ಕೆಡುಕು ಮಾಡುವ ವಸ್ತು ಉಳಿದಿದೆಯೇ? ಗುಂಡಿ, ಜಿಪ್, ದಾರ ಎಲ್ಲಕ್ಕೂ ಪರೀಕ್ಷೆ ಉಂಟು. ಪಾಲಿಯೆಸ್ಟರ್‌ಗೂ ಇದು ಸಿಗುತ್ತದೆ. ಹತ್ತಿ ಹೇಗೆ ಬೆಳೆಯಿತು, ಕೂಲಿ ಎಷ್ಟು ಎಂಬುದು ಇದರ ವ್ಯಾಪ್ತಿಯಲ್ಲಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ‘ಕ್ಲಾಸ್ 1’ ಇರುವುದನ್ನೇ ಹುಡುಕಿ. ಸುಕ್ಕು ಬಾರದಂತೆ ಹಾಕುವ ಲೇಪದಿಂದ ಬರುವ ಫಾರ್ಮಾಲ್ಡಿಹೈಡ್‌ಗೆ ಮೈಗೆ ತಾಗುವ ದೊಡ್ಡವರ ಬಟ್ಟೆಯಲ್ಲಿ ಕಿಲೋಗೆ 75 ಮಿಲಿಗ್ರಾಂವರೆಗೆ ಅವಕಾಶವಿದೆ, ಕ್ಲಾಸ್ 1ರಲ್ಲಿ ಅದು ಪತ್ತೆಯಾಗುವಷ್ಟೂ ಇರಕೂಡದು. ಮಗು ಬಟ್ಟೆ ಚೀಪಿದರೆ ಜೊಲ್ಲಿಗೆ ಬಣ್ಣ ಬಿಡುತ್ತದೆಯೇ ಎಂಬ ಪರೀಕ್ಷೆಯೂ ಉಂಟು. ಪ್ರಮಾಣಪತ್ರದ ಆಯಸ್ಸು ಒಂದು ವರ್ಷ.

ಬೆಟರ್ ಕಾಟನ್ ಎಂಬುದು ಹತ್ತಿ ಬೆಳೆಯುವ ರೀತಿಯನ್ನು ಸುಧಾರಿಸುವ ಕಾರ್ಯಕ್ರಮ. ಅದು ಮಾಸ್ ಬ್ಯಾಲೆನ್ಸ್ ಲೆಕ್ಕದ್ದಾದರೆ, ಅಂದರೆ ಮಾಮೂಲಿ ಹತ್ತಿಯೊಡನೆ ಬೆರೆಸಿ ತೂಕವನ್ನಷ್ಟೇ ಸರಿದೂಗಿಸಿದ್ದಾದರೆ, ನಿಮ್ಮ ಕೈಲಿರುವ ಅಂಗಿಯಲ್ಲಿ ಆ ಹತ್ತಿ ಇದ್ದೇ ಇದೆ ಎನ್ನಲಾಗದು. ಹಲವು ತೋಟಗಳ ಕಾಫಿಯನ್ನು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದೇ ರಾಶಿಗೆ ಸುರಿದು, ಹಾಕಿದಷ್ಟೇ ತೂಕವನ್ನು ಯಾವುದಾದರೂ ಚೀಲದಿಂದ ವಾಪಸು ಕೊಟ್ಟಂತೆ. ರೈತರ ತರಬೇತಿಗೆ ಅದರಿಂದ ಹಣ ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಸಾವಯವ ಎಂದು ತಿಳಿದು ಕೊಳ್ಳಬೇಡಿ.

ಮನೆಯಲ್ಲಿ ತಿಳಿಯುವುದು ಸ್ವಲ್ಪವೇ. ಅಂಚಿನಿಂದ ನಾಲ್ಕು ಎಳೆ ತೆಗೆದು ಸುಟ್ಟರೆ ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒದ್ದೆ ಬಿಳಿ ಕರವಸ್ತ್ರದಿಂದ ಒಳಹೊಲಿಗೆಯ ಹತ್ತಿರ ಹತ್ತು ಸಲ ಉಜ್ಜಿ. ಬಣ್ಣ ಅಂಟಿದರೆ ಮಳೆಗಾಲದಲ್ಲಿ ಎರಡು ದಿನ ಒಣಗದೆ ನೇತಾಡುವ ಬಟ್ಟೆ ಪಕ್ಕದ್ದಕ್ಕೂ ಬಣ್ಣ ಹಚ್ಚುತ್ತದೆ. ಹತ್ತಿ ಸಾವಯವವೋ ಅಲ್ಲವೋ ಎಂಬುದನ್ನು ಮಾತ್ರ ಈ ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಬಾಣಂತಿ, ಮಗುವಿನ ಬಟ್ಟೆಗೆ ಗಾಟ್ಸ್. ಸಿಗದಿದ್ದರೆ ಓಕೋ-ಟೆಕ್ಸ್ ಕ್ಲಾಸ್ 1. ರೇಷ್ಮೆ ಸೀರೆಗೆ ಇವೆರಡನ್ನೂ ಹುಡುಕಬೇಕಿಲ್ಲ. ಅಪ್ಪಟ ರೇಷ್ಮೆಯೇ ಎಂದು ತಿಳಿಯಲು ಸಿಲ್ಕ್ ಮಾರ್ಕ್ ಸಾಕು, ಕೈಮಗ್ಗದ್ದೇ ಬೇಕೆಂದರೆ ಹ್ಯಾಂಡ್‌ಲೂಮ್ ಮಾರ್ಕ್ ಕೂಡ ನೋಡಿ.