ಡಿಸ್ಕ್‌ಗೆ ಯಾವ ಹೆಸರು: ಯುಯುಐಡಿಯಾ, ಲೇಬಲ್ಲಾ, ಸ್ಲಾಟಾ?

ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಅನ್ನೋ ಹೆಸರುಗಳನ್ನು ನಂಬಿ ಕೂರಬೇಡಿ. ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಮೊದಲು ಕಂಡ ಡಿಸ್ಕೇ ಎಸ್‌ಡಿಎ. ನಿನ್ನೆಯ ಎಸ್‌ಡಿಬಿ ಇವತ್ತು ಎಸ್‌ಡಿಸಿ ಆಗಬಹುದು. ಯಾವ ಡಿಸ್ಕ್ ಎಲ್ಲಿ ತೆರೆಯಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಅದನ್ನೇ ಬರೆದಿದ್ದರೆ ಮೌಂಟ್ (ಡಿಸ್ಕನ್ನು ಬಳಕೆಗೆ ತೆರೆಯೋದು) ಕೈಕೊಡುತ್ತದೆ.

ನನ್ನ ಓಟು ಯುಯುಐಡಿಗೆ, ಅಂದರೆ ಪ್ರತಿ ಫೈಲ್‌ಸಿಸ್ಟಮ್‌ಗೂ ಸಿಗುವ ವಿಶಿಷ್ಟ ಗುರುತಿಗೆ. ಫಾರ್ಮ್ಯಾಟ್ ಮಾಡುವಾಗಲೇ ಅದು ಫೈಲ್‌ಸಿಸ್ಟಮ್ ಒಳಗೆ ಸೇರಿಕೊಳ್ಳುತ್ತದೆ. ಕೇಬಲ್ ಬದಲಿಸಿದರೂ ಅಲ್ಲಾಡುವುದಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ 36 ಅಕ್ಷರ ಉದ್ದ, ನೆನಪಿಡೋ ಮಾತೇ ಇಲ್ಲ. ಬಿಎಲ್‌ಕೆಐಡಿ ಕಮಾಂಡ್ ಕೊಟ್ಟು ಕಾಪಿ ಮಾಡಿಕೊಳ್ಳಿ. ಆದರೆ ಡಿಡಿ ಕಮಾಂಡ್‌ನಿಂದ ಡಿಸ್ಕ್ ಕ್ಲೋನ್ ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಎರಡನ್ನೂ ಒಟ್ಟಿಗೆ ಜೋಡಿಸಿದರೆ ಯಾವುದು ಮೌಂಟ್ ಆಗುತ್ತದೋ ಹೇಳೋಕಾಗಲ್ಲ. ಅದಕ್ಕೇ ಕ್ಲೋನ್ ಆದ ಡಿಸ್ಕ್‌ಗೆ ಹೊಸ ಯುಯುಐಡಿ ಕೊಡಿ.

ಲೇಬಲ್ ಅಂದರೆ ನಾವೇ ಇಡುವ ಹೆಸರು, ಓದೋಕೆ ಚೆಂದ, ಇಎಕ್ಸ್‌ಟಿ4ನಲ್ಲಿ 16 ಬೈಟ್ ಮಿತಿ. ಆದರೆ ‘ಬ್ಯಾಕಪ್’ ಅನ್ನೋ ಹೆಸರಿನ ಡಿಸ್ಕ್ ಎಲ್ಲರ ಹತ್ತಿರವೂ ಇರುತ್ತದೆ, ಅಲ್ವಾ? ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ಸಾಕು.

ಲಿನಕ್ಸ್ ಕೊಡುವ ಬೈ-ಪಾತ್ ಅನ್ನೋ ಹೆಸರು ಬೇರೆಯದೇ ಕಥೆ. ಅದು ಡಿಸ್ಕ್‌ನ ಹೆಸರಲ್ಲ, ಸ್ಲಾಟ್‌ನ (ಡಿಸ್ಕ್ ಜೋಡಿಸುವ ಜಾಗದ) ಹೆಸರು. ಕೆಟ್ಟ ಡಿಸ್ಕ್ ತೆಗೆದು ಅದೇ ಜಾಗಕ್ಕೆ ಹೊಸದು ಹಾಕಿದರೂ ಹೆಸರು ಅದೇ. ಜಾಸ್ತಿ ಡಿಸ್ಕ್ ಇರುವ ಸರ್ವರ್‌ಗೆ ಇದು ಸರಿ, ಲ್ಯಾಪ್‌ಟಾಪ್‌ಗೆ ಸುಮ್ನೆ ತಲೆನೋವು. ಅದೇ ಸರ್ವರ್‌ನಲ್ಲಿ ಯಾವ ಡಿಸ್ಕ್ ಕೆಟ್ಟಿದೆ ಅಂತ ಗುರುತಿಸಲು ಬೈ-ಐಡಿ ಅನ್ನೋ ಇನ್ನೊಂದು ಹೆಸರು ನೋಡಿ, ಅದರಲ್ಲಿ ಸಾಮಾನ್ಯವಾಗಿ ಮಾಡೆಲ್, ಸೀರಿಯಲ್ ನಂಬರ್ ಎರಡೂ ಇರುತ್ತವೆ.