ಪಂಪಿನ ಕರೆಂಟು ಫ್ರಿಜ್ಜಿಗೆ ಬಂತು: ಅರ್ತ್ ಗುಂಡಿಯ ನಟ್ಟು ನೋಡಿಕೊಳ್ಳಿ

ಬಾವಿಗೆ ಪಂಪು ಇಟ್ಟವರು ದಯವಿಟ್ಟು ಇದನ್ನು ಓದಿ. ಬದಿಯಡ್ಕ ಕಡೆಯ ನಮ್ಮ ಮನೆಯಲ್ಲಿ ಕಳೆದ ಬೇಸಗೆಗೆ ಅಮ್ಮನ ಜೀವ ಉಳಿದದ್ದೇ ದೊಡ್ಡದು.

ಅಣ್ಣ ಅಡಿಕೆ ತೋಟಕ್ಕೆ ನೀರು ಬಿಡಲು ಪಂಪು ಹಾಕಿದ್ದ. ಅಮ್ಮ ಬರಿಗಾಲಲ್ಲಿ ನಿಂತು, ಒದ್ದೆ ಕೈಯಲ್ಲಿ ಫ್ರಿಜ್ಜಿನ ಬಾಗಿಲು ಎಳೆದರು. ಹಿಡಿ ಪ್ಲಾಸ್ಟಿಕ್ಕಿನದೇ, ಆದರೆ ಬಣ್ಣ ಎದ್ದು ತುಕ್ಕು ಹಿಡಿದ ತಗಡಿನ ಅಂಚಿಗೆ ಬೆರಳು ತಾಗಿತು. ಕಿರುಚಿ ಹಿಂದಕ್ಕೆ ಬಿದ್ದರು. ಮಣಿಕಟ್ಟು ಬಿರುಕು ಬಿಟ್ಟಿತ್ತು. ನಾವು ಫ್ರಿಜ್ಜಿನ ಸ್ವಿಚ್ ಆರಿಸಿದೆವು. ಆದರೂ ಫ್ರಿಜ್ಜಿನ ಮೈಗೆ ಟೆಸ್ಟರ್ ಮುಟ್ಟಿಸಿದರೆ ಉರಿಯುತ್ತಲೇ ಇತ್ತು! ಬಾವಿಕಟ್ಟೆಯ ಹತ್ತಿರ ಪಂಪು ನಿಲ್ಲಿಸಿದ ಮೇಲೆಯೇ ಅದು ಆರಿದ್ದು.

ಪರಿಚಯದ ವಯರಿಂಗ್‌ನವರು ಬಂದು ಹುಡುಕಿದಾಗ ವಿಷಯ ಗೊತ್ತಾಯಿತು. ಪಂಪಿನ ಮೋಟರಿನ ಒಳಗಿನ ತಂತಿ ಸುರುಳಿಯ (ವೈಂಡಿಂಗ್) ಹೊದಿಕೆ ಸುಟ್ಟು ಕರೆಂಟು ಮೋಟರಿನ ಮೈಗೆ ಇಳಿದಿತ್ತು. ಅದು ಅರ್ತ್ ವಯರಿನಲ್ಲಿ ಹೋಗಿ ಮಣ್ಣಿಗೆ ಸೇರಬೇಕು. ಆ ವಯರು ನೆಲಕ್ಕೆ ಸೇರುವ ನಮ್ಮ ಅರ್ತ್ ಗುಂಡಿಯಲ್ಲಿ ತಾಮ್ರದ ತಂತಿಯನ್ನು ಲಗ್ (ತಂತಿಯ ತುದಿಗೆ ಒತ್ತಿಸುವ ಲೋಹದ ಬಳೆ) ಹಾಕದೆ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಬೋಲ್ಟಿಗೆ ಸುಮ್ಮನೆ ಸುತ್ತಿ ಬಿಟ್ಟಿದ್ದರು. ತಾಮ್ರಕ್ಕೂ ಸತುವಿನ ಲೇಪಕ್ಕೂ ನೇರ ತಾಗಿ, ಮೇಲೆ ನೀರೂ ಬಿದ್ದರೆ ಸತು ಬೇಗ ಸವೆಯುತ್ತದೆ. ನಮ್ಮಲ್ಲಿಯ ಮಳೆಗಾಲ ಕೇಳಬೇಕೇ? ನಟ್ಟಿನ ಸುತ್ತ ಬಿಳಿ ಪುಡಿ, ಅದರಡಿ ತುಕ್ಕು; ಬೆರಳಲ್ಲಿ ತಿರುಗಿಸಿದರೆ ನಟ್ಟು ತಿರುಗುತ್ತಿತ್ತು.

"ಅಕ್ಕ, ಇದು ಅರ್ತ್ ಇಲ್ಲದ್ದಕ್ಕಿಂತಲೂ ಕಷ್ಟ ಮಾರ್ರೆ" ಎಂದರು ಅವರು. ಮನೆಯ ಎಲ್ಲ ಅರ್ತ್ ವಯರುಗಳೂ ಆ ಒಂದೇ ಬೋಲ್ಟಿಗೆ ಬಂದು ಸೇರುತ್ತವೆ. ಅಲ್ಲಿ ಹಿಡಿತ ತಪ್ಪಿದರೆ ಪಂಪಿನ ಕರೆಂಟು ಮಣ್ಣಿಗೆ ಇಳಿಯದೆ ಅದೇ ವಯರುಗಳಲ್ಲಿ ವಾಪಸ್ ಬಂದು ಫ್ರಿಜ್ಜು, ಗೀಸರ್, ವಾಶಿಂಗ್ ಮೆಶಿನ್ ಎಲ್ಲದರ ಮೈಗೂ ಹರಡುತ್ತದೆ. ಸ್ವಿಚ್ ಆರಿಸಿದರೂ ಅರ್ತ್ ವಯರು ಕಡಿಯುವುದಿಲ್ಲವಲ್ಲ!

ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಯಾಕೆ ಬೀಳಲಿಲ್ಲ? ಮಣ್ಣಿನ ದಾರಿಯಲ್ಲಿ 60 ಓಮ್ ತಡೆ ಇದ್ದರೆ 230 ವೋಲ್ಟಿಗೆ ಹರಿಯುವುದು 4 ಆಂಪಿಯರಿಗೂ ಕಡಿಮೆ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸಾಧನ) ಇತ್ತು, ಅದೂ ಬೀಳಲಿಲ್ಲ. ಪದೇ ಪದೇ ಬೀಳುತ್ತದೆ ಎಂದು ಹಿಂದೆ ಕೆಲಸ ಮಾಡಿದವ ಪಂಪಿನ ಲೈನನ್ನು ಅದರಿಂದ ತಪ್ಪಿಸಿ, ಅದಕ್ಕಿಂತ ಮುಂಚಿನ ಜಾಗದಿಂದಲೇ ಎಳೆದಿದ್ದ. ಪಂಪಿನಿಂದ ಸೋರಿದ್ದು ಆರ್‌ಸಿಸಿಬಿಯ ಕಣ್ಣಿಗೇ ಬೀಳಲಿಲ್ಲ. ಹೀಗೆ ಮಾಡಿಕೊಡುತ್ತೇನೆ ಎನ್ನುವವರನ್ನು ಅಂಗಳಕ್ಕೇ ಬಿಟ್ಟುಕೊಳ್ಳಬೇಡಿ. ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದರೆ ಹೆಚ್ಚಾಗಿ ಎಲ್ಲೋ ಕರೆಂಟು ಸೋರುತ್ತಿದೆ ಎಂದೇ ಅರ್ಥ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಆ ಸಾಧನ ಸರಿ ಇದೆಯೇ ಎಂದು ಮಾತ್ರ ತಿಳಿಯುತ್ತದೆ, ಅರ್ತ್ ಸರಿ ಇದೆಯೇ ಎಂದಲ್ಲ. ಫೇಸಿಗೂ ಅರ್ತಿಗೂ 100 ವಾಟಿನ ಬಲ್ಬು ಹಿಡಿದು "ನೋಡಿ, ಉರಿಯುತ್ತದೆ" ಎನ್ನುವವರ ಮಾತೂ ಸಾಲದು. ಬಲ್ಬಿಗೆ ಅರ್ಧ ಆಂಪಿಯರ್ ಕೂಡ ಬೇಡ, ಕೆಟ್ಟ ಅರ್ತಿನಲ್ಲೂ ಚೆನ್ನಾಗಿಯೇ ಉರಿಯುತ್ತದೆ. ಅರ್ತ್ ಟೆಸ್ಟರ್ ಇಟ್ಟು ಓಮ್ ಎಷ್ಟೆಂದು ಅಳೆಸಿ. ಅದನ್ನೂ ಏಪ್ರಿಲ್, ಮೇ ತಿಂಗಳಲ್ಲೇ ಮಾಡಿಸಿ. ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗ ಒಣಗಿದಾಗ ತಡೆ ಏರುತ್ತದೆ, ಮಳೆಗಾಲದಲ್ಲಿ ಅಳೆದರೆ ಎಲ್ಲವೂ ಸರಿಯಾಗಿರುವ ಹಾಗೆ ಕಾಣುತ್ತದೆ.

ನಮ್ಮಲ್ಲಿ ಈಗ ತವರ ಲೇಪಿಸಿದ ಲಗ್ಗನ್ನು ತಂತಿಗೆ ಒತ್ತಿಸಿ, ಸ್ಪ್ರಿಂಗ್ ವಾಶರ್ ಇಟ್ಟು ಬಿಗಿದು, ಮೇಲೆ ಗ್ರೀಸ್ ಹಚ್ಚಿದ್ದಾರೆ. ಪಂಪಿನ ಬಳಿಯ ಅರ್ತ್ ಬೋಲ್ಟಿಗೂ ಹಾಗೆಯೇ. ಅಲ್ಲಿ ಅದುರಿ ಅದುರಿ ನಟ್ಟು ತಾನಾಗಿ ಸಡಿಲುತ್ತದೆ. ಪಂಪಿಗೆ ಬೇರೆಯೇ ಆರ್‌ಸಿಸಿಬಿ ಹಾಕಿಸಿದೆವು.

ಗುಂಡಿಯ ಮುಚ್ಚಳ ತೆಗೆದು ನೋಡಿ, ಆದರೆ ನಟ್ಟು ಅಲ್ಲಾಡಿಸಲು ಹೋಗಬೇಡಿ. ಬಿಟ್ಟುಹೋದ ಅರ್ತ್ ತಂತಿಯ ತುದಿಯಲ್ಲೂ ಕರೆಂಟು ಇರಬಹುದು. ಮೇನ್ ಆರಿಸಿ, ಪಂಪಿನ ಲೈನೂ ಆರಿದೆ ಎಂದು ಟೆಸ್ಟರಿನಲ್ಲಿ ನೋಡಿ, ಲೈಸೆನ್ಸ್ ಇದ್ದವರ ಕೈಯಲ್ಲೇ ಬಿಗಿಸಿ.