ಅಜ್ಜಿಯ ಹಳೇ ಪ್ಲೇಯರ್‌ಗೆ ಡಿವಿಡಿಸ್ಟೈಲರ್

ತಂಗಿ ಮದುವೆ ವಿಡಿಯೋವನ್ನು ಅಜ್ಜಿ ತಮ್ಮ ಹಳೇ ಡಿವಿಡಿ ಪ್ಲೇಯರ್‌ನಲ್ಲೇ ನೋಡಬೇಕು ಅಂದರು. ಎಂಪಿ4 ಫೈಲನ್ನು ಹಾಗೇ ಡಿಸ್ಕ್‌ಗೆ ಬರೆದು ಕೊಟ್ಟೆ. ಪ್ಲೇಯರ್ ಸ್ವಲ್ಪ ಹೊತ್ತು ಗಿರ್ರನೆ ತಿರುಗಿ 'ನೋ ಡಿಸ್ಕ್' ಅಂತ ತೋರಿಸಿ ಸುಮ್ಮನಾಯಿತು. ಅಜ್ಜಿ ಮುಖ ಸಪ್ಪಗಾಯಿತು. ತಪ್ಪು ಪ್ಲೇಯರ್‌ದಲ್ಲ, ಅಂಥ ಹಳೇ ಪ್ಲೇಯರ್‌ಗೆ ಬೇಕಾದ್ದು ಎಂಪೆಗ್-2 ಅನ್ನೋ ಬಗೆಯ ವಿಡಿಯೋ, ಅದೂ ವಿಡಿಯೋ_ಟಿಎಸ್ ಅನ್ನೋ ಫೋಲ್ಡರಿನೊಳಗೆ.

ಆಗ ಕೈಹಿಡಿದಿದ್ದು ಡಿವಿಡಿಸ್ಟೈಲರ್ ಅನ್ನೋ ಸಾಫ್ಟ್‌ವೇರ್. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಫೈಲನ್ನು ಎಳೆದು ಹಾಕಿದರೆ ಕನ್ವರ್ಟ್ ಮಾಡೋದು, ಮೆನು, ಡಿಸ್ಕ್ ಬರೆಯೋದು ಎಲ್ಲಾ ಅದರಲ್ಲೇ ಆಗುತ್ತದೆ. ಹೊಸ ಪ್ರಾಜೆಕ್ಟ್ ತೆರೆಯುವಾಗ ಪಾಲ್ (PAL) ಅನ್ನೋ ಟಿವಿ ಮಾದರಿ ಆರಿಸಿಕೊಳ್ಳಿ, ನಮ್ಮ ಕಡೆಯ ಟಿವಿಗಳಿಗೆ ಅದೇ ಸರಿ, 720×576, ಸೆಕೆಂಡಿಗೆ 25 ಫ್ರೇಮ್.

ಒಂದು ಮಾತು. 4.7 ಜಿಬಿ ಡಿಸ್ಕ್‌ಗೆ ಎರಡು ಗಂಟೆ ವಿಡಿಯೋ ಚೆನ್ನಾಗಿ ಹಿಡಿಯುತ್ತದೆ. ಮದುವೆ ವಿಡಿಯೋ ನಾಲ್ಕು ಗಂಟೆ ಇರುತ್ತೆ ಅಲ್ವಾ, ಅದನ್ನೆಲ್ಲಾ ಒಂದರಲ್ಲೇ ತುರುಕಿದರೆ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ವಿಡಿಯೋಗೆ ಸಿಗೋ ಡೇಟಾ, ಇಳಿದು ಆರತಿಯ ಬೆಳಕೆಲ್ಲಾ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಎರಡು ಡಿಸ್ಕ್ ಮಾಡಿ. ಬರೆಯುವ ವೇಗವನ್ನೂ ಕಡಿಮೆ ಇಡಿ, ನಾನು 4ಎಕ್ಸ್ ಇಟ್ಟೆ.

ಧಾರೆ ಎರೆಯೋ ಜಾಗವನ್ನು ಅಜ್ಜಿ ಈಗಾಗಲೇ ಮೂರು ಸಲ ನೋಡಿದ್ದಾರೆ.